ಡಬ್ಬಿಯ ಮುಚ್ಚಳದಲ್ಲಿ ಸಿಕ್ಕ ಮೀನಿನ ಮುಳ್ಳು

ನನ್ನ ಮಗಳ ಊಟದ ಡಬ್ಬಿಯಲ್ಲಿ ಮೀನಿನ ಮುಳ್ಳು ಸಿಕ್ಕಿತು. ಜುಲೈ ತಿಂಗಳ ಒಂದು ಸಂಜೆ, ಚೆನ್ನೈನ ಪೆರಂಬೂರಿನ ನಮ್ಮ ಬಾಡಿಗೆ ಮನೆಯ ಸಿಂಕಿನ ಮುಂದೆ ನಿಂತು ಡಬ್ಬಿ ತೊಳೆಯುತ್ತಿದ್ದೆ. ಮುಚ್ಚಳದ ಒಳಗಿನ ರಬ್ಬರ್ ಬಳೆಯ ಸಂದಿಯಲ್ಲಿ ಏನೋ ಬೆಳ್ಳಗೆ ಸಿಕ್ಕಿಕೊಂಡಿತ್ತು. ಪ್ಲಾಸ್ಟಿಕ್ ಎಳೆ ಇರಬೇಕೆಂದು ಉಗುರಿನಿಂದ ಎಳೆದರೆ ಬೆರಳಿಗೆ ಚುಚ್ಚಿತು. ಮೂಗಿನ ಹತ್ತಿರ ಹಿಡಿದೆ. ತಕ್ಷಣ ದೂರ ಹಿಡಿದು ಗಂಡನನ್ನು ಕೂಗಿದೆ.

ನನ್ನ ಗಂಡ ಇಲ್ಲಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾರೆ. ಅವರು ಬಂದು ಒಮ್ಮೆ ನೋಡಿ, "ಮೀನಿನ ಮುಳ್ಳು ಕಣೆ ಇದು. ನೆತ್ತಿಲಿ ಅಂತ ಸಣ್ಣ ಮೀನು ಬರುತ್ತಲ್ಲ, ಒಣಗಿಸಿ ಇಟ್ಟಿರ್ತಾರೆ, ಅದರದ್ದು" ಎಂದರು.

"ನಿಮಗೆ ಹೇಗೆ ಗೊತ್ತು?" ಅಂದೆ.

"ಕ್ಯಾಂಟೀನಲ್ಲಿ ಪಕ್ಕದವರ ತಟ್ಟೆ ಕಣ್ಣಿಗೆ ಬೀಳಲ್ವಾ?"

ಮುಳ್ಳು ಸಿಕ್ಕಿದ್ದಕ್ಕೆ ಬೆಚ್ಚಬೇಕೋ, ಅವರು ಇಷ್ಟು ಬೇಗ ಗುರುತು ಹಿಡಿದಿದ್ದಕ್ಕೆ ಬೆಚ್ಚಬೇಕೋ ತಿಳಿಯಲಿಲ್ಲ. ಆ ವಿಚಾರಣೆಯನ್ನು ಮುಂದಕ್ಕೆ ಹಾಕಿದೆ.

ನನ್ನ ತವರೂರು ಗುಬ್ಬಿಯಲ್ಲಿ ಕುಳಿತು ಇದನ್ನು ಓದುವ ನನ್ನವರಿಗೆ ನಮ್ಮ ಮನೆಯ ವಿಷಯ ಗೊತ್ತೇ ಇದೆ. ಮೊಟ್ಟೆ ಹಾಕಿದ ಕೇಕು ಸಹ ಹೊಸಿಲು ದಾಟಿದ್ದಿಲ್ಲ. ಚೆನ್ನೈಗೆ ಬಂದಾಗ ನಮಗೆ ಮನೆ ಸಿಕ್ಕಿದ್ದೇ ಆ ಕಾರಣಕ್ಕೆ. ಹನ್ನೊಂದು ಮನೆ ನೋಡಿದ್ದೆವು. ಎಲ್ಲ ಕಡೆ ಗಂಡನ ಉದ್ಯೋಗ ಕೇಳುವ ಮೊದಲು "ನೀಂಗ ವೆಜ್ಜಾ?" ಎಂದು ಕೇಳುತ್ತಿದ್ದರು, ನೀವು ಸಸ್ಯಾಹಾರಿಗಳಾ ಅಂತ. ನಾನು ಎದೆಯುಬ್ಬಿಸಿ ಹೌದು ಅನ್ನುತ್ತಿದ್ದೆ. ಕೆಳಗಡೆ ಇರುವ ಮನೆ ಒಡತಿ ಮಾಮಿ ಆ ಒಂದು ಮಾತಿಗೆ ಬೀಗದ ಕೈ ಕೊಟ್ಟರು. ಅಂಥ ಮನೆಯ ಸಿಂಕಿನಲ್ಲಿ ಮೀನಿನ ಮುಳ್ಳು!

ಇನ್ನು ಡಬ್ಬಿಯ ಪುರಾಣ. ನಾನು ಎಗ್ಮೋರಿನ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದೇನೆ. ಮಗಳು ಚಿನ್ಮಯಿ ಮೂರನೇ ತರಗತಿ. ಬೆಳಿಗ್ಗೆ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟುತ್ತೇನೆ. ಹೋಟೆಲಿನದು, ಪೊಟ್ಟಣದ್ದು, ಮೈದಾದ್ದು ಯಾವುದೂ ಇಲ್ಲ. ಸೋಮವಾರ ನುಗ್ಗೆಸೊಪ್ಪು ಹಾಕಿದ ರಾಗಿರೊಟ್ಟಿ, ಹುರುಳಿಕಾಳಿನ ಪಲ್ಯ. ಮಂಗಳವಾರ ಹೆಸರುಕಾಳಿನ ಉಸಲಿ. ಬುಧವಾರ ಸಬ್ಬಸಿಗೆ ಸೊಪ್ಪಿನ ಅಕ್ಕಿರೊಟ್ಟಿ. ಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಖರ್ಚು ಕಡಿಮೆ, ಶಕ್ತಿ ಹೆಚ್ಚು. ಕಚೇರಿಯ ಹೆಂಗಸರು 'ಕಲಂದ ಸಾದಂ' ತರುತ್ತಾರೆ. ನಿಂಬೆಹಣ್ಣು, ಟೊಮೆಟೊ, ಹುಣಸೆಹಣ್ಣು ಏನಾದರೊಂದು ಕಲಸಿದ ಅನ್ನ, ಜೊತೆಗೆ ಆಲೂಗಡ್ಡೆ ಪಲ್ಯ. ವಾರವಿಡೀ ಅನ್ನ ತಿಂದು ಹೇಗೆ ಬದುಕುತ್ತಾರೋ ಎಂದು ನಾನು ಒಳಗೊಳಗೇ ಮೂಗು ಮುರಿಯುತ್ತಿದ್ದೆ.

ಆದರೆ ನನ್ನ ಅಡುಗೆಗೆ ಈ ಊರಿನ ಹವೆ ಒಗ್ಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಗುಬ್ಬಿಯಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಇಲ್ಲಿ ಸ್ಟೀಲ್ ಡಬ್ಬಿಯೊಳಗೆ ಅದು ನಮ್ಮಂತೆಯೇ ಬೆವರುತ್ತದೆ. ಮೇಲಿನದು ಅಂಟಂಟು, ಕೆಳಗಿನದು ಚಕ್ಕಳ. ಉಸಲಿಗೆ ಉದುರಿಸಿದ ಹಸಿ ತೆಂಗಿನತುರಿ ಊಟದ ಹೊತ್ತಿಗೆ ಹುಳಿ ವಾಸನೆ ಹೊಡೆಯುತ್ತದೆ. ನಾನು ನನ್ನ ಪಾಲನ್ನು ಹಟಕ್ಕೆ ಬಿದ್ದು ನುಂಗುತ್ತಿದ್ದೆ. ಚಿನ್ಮಯಿಯ ಡಬ್ಬಿ ಮಾತ್ರ ದಿನವೂ ಖಾಲಿಯಾಗಿ ಬರುತ್ತಿತ್ತು. ಒಂದು ಅಗುಳೂ ಇಲ್ಲ, ಒಂದು ಚೂರೂ ಇಲ್ಲ. ಅಮ್ಮನಿಗೆ ಫೋನ್ ಮಾಡಿದಾಗಲೆಲ್ಲ ಇದನ್ನು ಹೇಳಿ ಹಿಗ್ಗುತ್ತಿದ್ದೆ.

ಆ ಸಂಜೆ ಮಗಳನ್ನು ಕೂರಿಸಿ ಕೇಳಿದೆ. "ಇದು ಎಲ್ಲಿಂದ ಬಂತು? ಯಾರು ಕೊಟ್ಟರು? ತಿಂದೆಯಾ?"

"ತೆರಿಯಾದು ಮಾ" ಅಂದಳು. ಗೊತ್ತಿಲ್ಲ ಎಂದು. ಇಲ್ಲಿಗೆ ಬಂದ ಎರಡು ವರ್ಷದಲ್ಲಿ ಅವಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುವಂತಾಗಿದ್ದಳು. ಎಷ್ಟು ಗದರಿದರೂ ಅದೇ ತೆರಿಯಾದು. ಕಣ್ಣು ಮಾತ್ರ ನೆಲ ನೋಡುತ್ತಿತ್ತು.

ನನ್ನ ಸಿಟ್ಟು ನೆತ್ತಿಗೇರಿತು. ಶಾಲೆಯ ಡೈರಿ ತೆಗೆದು ಇಂಗ್ಲಿಷಿನಲ್ಲಿ ಬರೆದೆ. 'ನನ್ನ ಮಗಳ ಡಬ್ಬಿಯಲ್ಲಿ ಮೀನಿನ ಮುಳ್ಳು ಸಿಕ್ಕಿದೆ. ನಾವು ಸಸ್ಯಾಹಾರಿಗಳು. ಇದಕ್ಕೆ ಯಾರು ಕಾರಣ ಎಂದು ವಿಚಾರಿಸಿ ಕ್ರಮ ಕೈಗೊಳ್ಳಬೇಕು.' ಕ್ರಮ ಎಂಬ ಪದದ ಕೆಳಗೆ ಗೆರೆ ಎಳೆದೆ. "ಸ್ವಲ್ಪ ತಡಿ, ಮೊದಲು ಏನಾಯ್ತು ತಿಳ್ಕೊಳ್ಳೋಣ" ಎಂದರು ಗಂಡ. ಪಕ್ಕದವರ ತಟ್ಟೆ ನೋಡುವವರ ಸಲಹೆ ನನಗೆ ಬೇಕಿರಲಿಲ್ಲ.

ಶುಕ್ರವಾರ ಶಾಲೆಯಿಂದ ಕರೆ ಬಂತು. ಅರ್ಧ ದಿನ ರಜೆ ಹಾಕಿ ಓಡಿದೆ. ಪ್ರಿನ್ಸಿಪಾಲರ ಕೋಣೆಯ ಗೋಡೆಗೆ ಒರಗಿ ಒಬ್ಬ ಮುದುಕಿ ನಿಂತಿದ್ದಳು. ಆಯಾಗಳು ಉಡುವ ನೀಲಿ ಸೀರೆ, ಬರಿಗಾಲು. ಚಿಕ್ಕ ಮಕ್ಕಳಿಗೆ ಕೈ ತೊಳೆಸಿ ಊಟಕ್ಕೆ ಕೂರಿಸುವ ಮುನಿಯಮ್ಮ ಅವಳೇ ಎಂದು ಪ್ರಿನ್ಸಿಪಾಲರು ತಿಳಿಸಿದರು. ಆಮೇಲೆ ಅವರು ಹೇಳಿದ್ದನ್ನು ಕೇಳಿ ನಾನು ಕುರ್ಚಿಯ ಕೈ ಹಿಡಿದುಕೊಂಡೆ.

ಜೂನ್‌ನಲ್ಲಿ ಶಾಲೆ ತೆರೆದ ವಾರದಿಂದ ನನ್ನ ಮಗಳೂ ಈ ಆಯಾಳೂ ದಿನವೂ ಡಬ್ಬಿ ಬದಲಾಯಿಸಿಕೊಳ್ಳುತ್ತಿದ್ದರಂತೆ. ನನ್ನ ರಾಗಿರೊಟ್ಟಿ, ಉಸಲಿ, ಪಲ್ಯವೆಲ್ಲ ಮುನಿಯಮ್ಮನ ಹೊಟ್ಟೆಗೆ. ಮುನಿಯಮ್ಮನ ಡಬ್ಬಿಯಲ್ಲಿದ್ದ 'ಪಳೈಯ ಸೋರು' ನನ್ನ ಮಗಳ ಹೊಟ್ಟೆಗೆ. ಪಳೈಯ ಸೋರು ಅಂದರೆ ಹಿಂದಿನ ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು, ಬೆಳಿಗ್ಗೆ ಮಜ್ಜಿಗೆ ಬೆರೆಸಿದ್ದು. ತಂಗಳು! ನಮ್ಮಲ್ಲಿ ಮಿಕ್ಕರೆ ಹಸುವಿನ ಬಾನಿಗೆ ಹೋಗುವ ತಂಗಳು! ಐದು ಗಂಟೆಗೆ ಎದ್ದು ನಾನು ಬಿಸಿಬಿಸಿಯಾಗಿ ಕಟ್ಟಿದ್ದನ್ನು ಬಿಟ್ಟು ನನ್ನ ಮಗಳು ತಿಂಗಳಿಗೂ ಮೇಲಾಗಿ ತಂಗಳು ತಿನ್ನುತ್ತಿದ್ದಾಳೆ. ಮೀನಿನ ಮುಳ್ಳಿಗಿಂತ ಇದು ಆಳವಾಗಿ ಚುಚ್ಚಿತು.

"ಇನ್ನೊಂದು ವಿಷಯ" ಎಂದರು ಪ್ರಿನ್ಸಿಪಾಲರು. "ಊಟದ ಹೊತ್ತೆಲ್ಲ ಇಬ್ಬರೂ ನಿಮ್ಮ ಭಾಷೆಯಲ್ಲೇ ಮಾತಾಡುತ್ತಿರುತ್ತಾರೆ. ಅದಕ್ಕೇ ಟೀಚರಿಗೆ ಏನು ನಡೆಯುತ್ತಿದೆ ಎಂದು ತಿಳಿದಿಲ್ಲ."

"ನಮ್ಮ ಭಾಷೆ?"

"ಕನ್ನಡ."

ನಾನು ಮೊದಲ ಬಾರಿಗೆ ಮುನಿಯಮ್ಮನ ಮುಖ ಸರಿಯಾಗಿ ನೋಡಿದೆ. ಅವಳು ಎರಡು ಹೆಜ್ಜೆ ಮುಂದೆ ಬಂದಳು.

"ಮಗು ಮೀನು ತಿಂದಿಲ್ಲ ತಾಯಿ, ಸತ್ಯವಾಗ್ಲೂ ತಿಂದಿಲ್ಲ. ಅವತ್ತು ರೊಟ್ಟಿ ಜತೆ ನಂಚ್ಕೊಳಾಕೆ ಅಂತ ನಾನೇ ಎರಡು ಕರುವಾಡು ತಂದಿದ್ದೆ. ಮಗು ಉಂಡು ಆಟಕ್ಕೆ ಹೋದ್ಮೇಲೆ ತಿಂದೆ. ಡಬ್ಬಿ ತೊಳ್ದೆ. ರಬ್ಬರು ತೆಗ್ದು ನೋಡ್ಲಿಲ್ಲ, ಕಣ್ಣು ಸರಿ ಕಾಣಾಕಿಲ್ಲ."

ಕರುವಾಡು ಅಂದರೆ ಒಣಮೀನು. ನನ್ನ ಬಾಯಿಂದ ಬಂದ ಮೊದಲ ಮಾತು, "ನೀವು ಯಾವೂರು?"

"ಡೆಂಕಣಿಕೋಟೆ ತಾವ ತಾಯಿ, ಹೊಸೂರಿಂದ ಆಚೆ. ಮದುವೆ ಮಾಡಿ ಇಲ್ಲಿಗೆ ಕಳ್ಸುದ್ರು. ನನ್ ಮಕ್ಳಿಗೆ ಕನ್ನಡ ಬರಾಕಿಲ್ಲ, ರಾಗಿ ಅಂದ್ರೆ ಮೂತಿ ತಿರುಗುಸ್ತಾವೆ. ನಿಮ್ ಮಗು ಡಬ್ಬಿ ತೆಗ್ದಾಗ ವಾಸನೆ ಬಂತು ನೋಡಿ, ನಮ್ಮವ್ವನ ವಾಸನೆ ಬಂದಂಗಾಯ್ತು. ಮಗು ಅಳ್ತಾ ಕೂತಿತ್ತು. ಬಿಸಿಲಲ್ಲಿ ಆಡ್ಕೊಂಡ್ ಬಂದೈತೆ, ಆ ರೊಟ್ಟಿ ಗಂಟಲಲ್ಲಿ ಎಲ್ಲಿ ಇಳೀತೈತೆ, ಪಾವಂ? ನನ್ ತಾವ ತಣ್ಣಗಿರೋದು ಇತ್ತು, ಕೊಟ್ಟೆ."

ಪ್ರಿನ್ಸಿಪಾಲರು ನನ್ನ ಡೈರಿಯ ಪುಟವನ್ನು ಮೇಜಿನ ಮೇಲಿಟ್ಟರು. ನಾನು ಎಳೆದ ಗೆರೆ ಎದ್ದು ಕಾಣುತ್ತಿತ್ತು. ಮಕ್ಕಳ ಊಟ ಸಿಬ್ಬಂದಿ ಮುಟ್ಟುವಂತಿಲ್ಲ, ಊಟದ ಹಾಲಿಗೆ ಮೀನು ಮಾಂಸ ತರುವಂತಿಲ್ಲ. ಎರಡೂ ನಿಯಮ ಮುರಿದಿದ್ದಾಳೆ. "ಸೋಮವಾರದಿಂದ ಬರಬೇಡ ಎಂದು ಹೇಳಿದ್ದೇವೆ. ನೀವು ಕೇಳಿದ ಕ್ರಮ ಇದೇ ಅಲ್ಲವೇ?" ಎಂದರು.

ನಾನು ಕೇಳಿದ್ದು ಹೌದು. ಗುರುತು ಪರಿಚಯವಿಲ್ಲದ ಯಾರಿಗೋ ಕೇಳಿದ್ದೆ. ಈಗ ಎದುರಿಗಿದ್ದವಳು ಅರವತ್ತು ದಾಟಿದ ಒಬ್ಬ ಹೆಂಗಸು. ಈ ಕೆಲಸ ಬಿಟ್ಟರೆ ಅವಳಿಗೆ ಇನ್ನೊಂದು ಕಡೆ ಕೆಲಸ ಯಾರು ಕೊಡುತ್ತಾರೆ? ಅವಳು ಕೈ ಮುಗಿಯಲಿಲ್ಲ, ಕಾಲು ಹಿಡಿಯಲಿಲ್ಲ. ಮಗು ಮೀನು ತಿಂದಿಲ್ಲ ಎಂಬುದನ್ನು ನಾನು ನಂಬಿದೆನೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದಳು. ಅಳುತ್ತ ಕೂತ ನನ್ನ ಮಗಳಿಗೆ ತಾನು ತಂದದ್ದನ್ನು ಕೊಟ್ಟವಳು ಇವಳು ಎಂದು ನೆನೆದು ನನಗೆ ನಾಚಿಕೆಯಾಯಿತು.

"ದೂರು ವಾಪಸ್ ತೆಗೆದುಕೊಳ್ಳುತ್ತೇನೆ" ಎಂದೆ. ಸಾಧ್ಯವಿಲ್ಲ ಎಂದರು. ಅದು ಬರಹದಲ್ಲಿದೆ, ಆಡಳಿತ ಮಂಡಳಿಗೂ ಹೋಗಿದೆ. ತಾಯಿಯ ಒಪ್ಪಿಗೆ ಇದ್ದಿದ್ದರೆ ಮಾತು ಬೇರೆ, ಇರಲಿಲ್ಲವಲ್ಲ ಎಂದರು.

"ಇತ್ತು" ಎಂದೆ.

ನನ್ನ ಬಾಯಿಂದ ಬಂದ ಮಾತಿಗೆ ನಾನೇ ದಂಗಾದೆ. ಅವರು ಒಂದು ಹಾಳೆ ನನ್ನತ್ತ ತಳ್ಳಿದರು. ಬರೆದೆ. ಡಬ್ಬಿ ಬದಲಾಯಿಸಿಕೊಳ್ಳುವುದು ನನಗೆ ಮೊದಲಿನಿಂದ ಗೊತ್ತಿತ್ತು, ನನ್ನ ಒಪ್ಪಿಗೆಯಿಂದಲೇ ನಡೆಯಿತು, ಡೈರಿಯಲ್ಲಿ ಬರೆದದ್ದು ಆತುರದ ತಪ್ಪು.

"ಮೀನು?" ಎಂದರು ಪ್ರಿನ್ಸಿಪಾಲರು, ಕನ್ನಡಕದ ಮೇಲಿಂದ ನೋಡುತ್ತ.

ಜೀವಮಾನವಿಡೀ ಎದೆಯುಬ್ಬಿಸಿ ಹೇಳಿಕೊಂಡ ಮಾತನ್ನು ಪಕ್ಕಕ್ಕಿಟ್ಟೆ. 'ಅದೂ ಗೊತ್ತಿತ್ತು' ಎಂದು ಬರೆದು ಸಹಿ ಹಾಕಿದೆ.

ಮುನಿಯಮ್ಮನ ಕೆಲಸ ಉಳಿಯಿತು. ಆದರೆ ಊಟದ ಹಾಲಿನಿಂದ ತೆಗೆದು ಗೇಟಿಗೆ ಹಾಕಿದರು. ನನ್ನ ಕಾಗದದ ಸುದ್ದಿ ಅಮ್ಮಂದಿರ ವಾಟ್ಸಾಪ್ ಗುಂಪು ಸುತ್ತಿ ವಾರದೊಳಗೆ ಮಾಮಿಯ ಕಿವಿಗೆ ಬಿತ್ತು. ಅವರು ಮೆಟ್ಟಿಲಲ್ಲಿ ತಡೆದು, "ವೆಜ್ಜುನ್ನು ಸೊನ್ನೀಂಗಳೇ?" ಅಂದರು, ಸಸ್ಯಾಹಾರಿ ಅಂದಿದ್ರಲ್ಲ ಎಂದು. ನಕ್ಕು ಮೇಲೆ ಹತ್ತಿದೆ. ಅಂದಿನಿಂದ ಅವರ ಮನೆಯ ಕರಿಬೇವು ಬರುವುದು ನಿಂತಿದೆ. ಮನೆ ಖಾಲಿ ಮಾಡಿ ಎಂದು ಇನ್ನೂ ಅಂದಿಲ್ಲ.

ಕಾಗದ ಬರೆದ ಮುಂದಿನ ಸೋಮವಾರವೇ ಶಾಲೆಯ ಗೇಟಿನಲ್ಲಿ ಮುನಿಯಮ್ಮ ಸಿಕ್ಕಿದ್ದಳು. ಕೃತಜ್ಞತೆಯ ಮಾತು ಬರಬಹುದೆಂದು ಸ್ವಲ್ಪ ಆಸೆಯಿತ್ತು, ಸುಳ್ಳೇಕೆ ಹೇಳಲಿ.

"ರೊಟ್ಟಿಗೆ ಉಪ್ಪು ಕಮ್ಮಿ ಹಾಕ್ತೀರಿ ತಾಯಿ" ಎಂದಳು. ಆಮೇಲೆ ಗೇಟಿನ ಕಂಬಿ ಹಿಡಿದು ನನಗೆ ಪಾಠ ಮಾಡಿದಳು. ಅನ್ನ ಆರಿದ ಮೇಲೆ ಮುಳುಗುವಷ್ಟು ನೀರು ಹಾಕಬೇಕು, ಮಣ್ಣಿನ ಪಾತ್ರೆಯಾದರೆ ಒಳ್ಳೆಯದು. ಬೆಳಿಗ್ಗೆ ಕಿವುಚಿ, ಹುಳಿಯಿಲ್ಲದ ಮಜ್ಜಿಗೆ ಬೆರೆಸಬೇಕು. ಸಣ್ಣ ಈರುಳ್ಳಿ ಬೇರೆ ಡಬ್ಬಿಯಲ್ಲಿ. ಹಸಿ ತೆಂಗಿನಕಾಯಿ ಜನವರಿವರೆಗೂ ಮರೆತುಬಿಡಿ. "ರಾಗಿ ಬೇಕಾದ್ರೆ ಅಂಬಲಿ ಮಾಡಿ ಬಾಟಲ್ನಾಗೆ ಕಳ್ಸಿ. ಈ ಊರಾಗೆ ಒಣಗಿದ್ದು ತಿನ್ನಾಕೆ ಆಗಾಕಿಲ್ಲ. ಇಷ್ಟ್ ಓದಿದೀರಿ, ಇದು ಗೊತ್ತಾಗ್ಲಿಲ್ವಾ?"

ಫ್ರಿಜ್ಜಿನ ಬಾಗಿಲ ಪಟ್ಟಿ ಹರಿದೆ. ಈಗ ವಾರಕ್ಕೆ ಮೂರು ದಿನ ನಮ್ಮ ಮೂರೂ ಡಬ್ಬಿಗಳಲ್ಲಿ ತಂಗಳು ಹೋಗುತ್ತದೆ. ಇಷ್ಟು ಅಗ್ಗದ ಊಟ ನಾನು ಕಟ್ಟಿದ್ದೇ ಇಲ್ಲ. ಕಚೇರಿಯಲ್ಲಿ ಮೊದಲ ದಿನ ಮುಚ್ಚಿಕೊಂಡು ತಿನ್ನಲು ಹೊರಟೆ. ಪಕ್ಕದ ಮೇಜಿನಾಕೆ ಇಣುಕಿ ನೋಡಿ, ತನ್ನ ಕಲಂದ ಸಾದಂ ಅತ್ತ ಸರಿಸಿ, ನನ್ನದರಲ್ಲಿ ಅರ್ಧ ಕಸಿದುಕೊಂಡಳು. ಮಧ್ಯಾಹ್ನ ಮೂರಕ್ಕೆ ತೂಕಡಿಕೆ ಬರಲಿಲ್ಲ, ತಲೆ ಸಿಡಿಯಲಿಲ್ಲ. ಎರಡು ವರ್ಷ ಈ ಸೆಕೆಯೊಂದಿಗೆ ಸುಮ್ಮನೆ ಗುದ್ದಾಡಿದ್ದೆ.

ಚಿನ್ಮಯಿಯ ಡಬ್ಬಿಯೂ ಖಾಲಿಯಾಗಿ ಬರುತ್ತದೆ. ಅವಳೇ ತಿನ್ನುತ್ತಾಳೆ. ಆದರೆ ಎಷ್ಟೋ ದಿನ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಒಂದು ಭಾನುವಾರ ತಲೆಗೆ ಎಣ್ಣೆ ಹಚ್ಚುತ್ತಾ ಕೇಳಿದೆ. "ಆಯಾ ಜೊತೆ ಕನ್ನಡ ಮಾತಾಡ್ತಿದ್ದೆ, ನನ್ನ ಜೊತೆ ಯಾಕಿಲ್ಲ?"

ಎಣ್ಣೆಯ ಬಟ್ಟಲನ್ನು ಬೆರಳಿಂದ ತಿರುಗಿಸಿದಳು. ಆಮೇಲೆ ಕನ್ನಡದಲ್ಲೇ ಹೇಳಿದಳು. "ನಾನು ಪೇಸಿದ್ರೆ ನೀನು ತಪ್ಪು ತಪ್ಪು ಅಂತ ಹೇಳ್ತೀಯ. ಆಯಾ ಹಂಗೆ ಹೇಳಲ್ಲ. ಕೇಳ್ತಾಳೆ."

ಪೇಸಿದ್ರೆ ಅಲ್ಲ, ಮಾತಾಡಿದ್ರೆ ಎಂದು ತಿದ್ದುವ ಮಾತು ನನ್ನ ನಾಲಿಗೆ ತುದಿವರೆಗೂ ಬಂದಿತ್ತು. ತುಟಿ ಕಚ್ಚಿ ಹಿಡಿದುಕೊಂಡೆ. ಎಣ್ಣೆಯ ಕೈ ಅವಳ ತಲೆಯ ಮೇಲೇ ನಿಂತಿತು. ಹಸಿದ ಮಗುವಿಗೆ ಒಣರೊಟ್ಟಿ ಕಟ್ಟಿದ್ದು ಡಬ್ಬಿಯಲ್ಲಿ ಮಾತ್ರವಲ್ಲ ಎಂದು ಆಗ ತಿಳಿಯಿತು.

ಅಂದಿನಿಂದ ತಿದ್ದುವುದು ಬಿಟ್ಟಿದ್ದೇನೆ. ದಿನಕ್ಕೆ ಒಂದು ಮಾತು, ಎರಡು ಮಾತು ಎಂದು ಶುರುವಾಗಿ ಈಗ ಶಾಲೆಯ ಸುದ್ದಿಯೆಲ್ಲ ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ಅಡುಗೆಮನೆಗೆ ಬರುತ್ತದೆ.

ದಸರಾ ರಜೆಗೆ ಗುಬ್ಬಿಗೆ ಬಂದೆವು. ನಾನು ಹುಟ್ಟಿದ ಮನೆ. ಅಣ್ಣನ ಮಕ್ಕಳೆಲ್ಲ ಸಾಲಾಗಿ ಊಟಕ್ಕೆ ಕೂತಿದ್ದರು. ಅಮ್ಮ ಬಿಸಿ ರೊಟ್ಟಿ ಬಡಿಸುತ್ತ ಬಂದರು. ಚಿನ್ಮಯಿ ತಟ್ಟೆ ಸರಿಸಿ, "ಅಜ್ಜಿ, ನಂಗೆ ರೊಟ್ಟಿ ವೇಂಡಾಂ. ಮೋರ್ ಹಾಕಿ ತಂಗಳು ಕೊಡಿ" ಅಂದಳು, ರೊಟ್ಟಿ ಬೇಡ, ಮಜ್ಜಿಗೆ ಹಾಕಿದ ತಂಗಳು ಬೇಕೆಂದು. ಮಕ್ಕಳು ಹೋ ಎಂದು ನಕ್ಕರು. ಅವಳ ಮುಖ ಸಣ್ಣದಾಯಿತು.

ಅಮ್ಮ ನನ್ನ ಕಡೆ ತಿರುಗಿದರು. "ಇದೇನೇ ಇದು? ಮಗು ತಂಗಳು ಕೇಳುತ್ತಲ್ಲೇ! ಮಾತು ನೋಡಿದ್ರೆ ಹೀಗೆ. ನೀನು ತಿದ್ದಬಾರದೇನೇ?"

"ನಮ್ಮ ಕಡೆ ಹೀಗೇ ಕಣಮ್ಮ ಮಾತಾಡೋದು" ಎಂದುಬಿಟ್ಟೆ. "ಊಟವೂ ಹೀಗೇ."

ಅಮ್ಮನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. "ನಮ್ಮ ಕಡೆಯಾ? ಯಾವುದೇ ನಿಮ್ಮ ಕಡೆ?" ಎಂದು ಕೇಳಿದರು. ನಾನು ಹುಟ್ಟಿದ ಮನೆಯಲ್ಲಿ, ಹೆತ್ತ ತಾಯಿಯ ಎದುರು ನಿಂತು ಉತ್ತರ ಹುಡುಕುತ್ತಿದ್ದೆ. ಚಿನ್ಮಯಿ ತಲೆ ಎತ್ತಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.