ಗಾಣದ ಅಚ್ಚಿಗೆ ಕೊಸರು

ಇಲ್ಲಿ ಬನ್ನಿ ಮಕ್ಕಳಾ, ಚಾಪೆ ಮೇಲೆ ಕಾಲು ಚಾಚ್ಕೊಂಡು ಕೇಳಿ. ನಾನು ಪೂರಿಗಾಲಿಗೆ ಸೊಸೆಯಾಗಿ ಬಂದ ವರ್ಷ, ಕಬ್ಬಿನ ಗಾಣದ ಅಚ್ಚು ಮುರಿಯಿತು. ಕಡಿದ ಕಬ್ಬು ಆಲೆಮನೆ ಮುಂದೆ ಒಣಗುತ್ತಿತ್ತು. ತವರಿನಿಂದ ನನ್ನನ್ನು ಕರೆತರುತ್ತಿದ್ದ ಮಾವ, ಮುರಿದ ಅಚ್ಚನ್ನೂ ಜೊತೆಗೆ ಹೇರಿಕೊಂಡು ಬಂದಿದ್ದರು; ಗಾಡಿಯನ್ನು ಮದ್ದೂರಿನ ಲೇತ್ ಅಂಗಡಿಗೆ ತಿರುಗಿಸಿದರು.

ಮಾವ ಹೊಳೆಯೋ ಕಬ್ಬಿಣ ಆರಿಸಿದರು.

"ಅದು ಬಾಗ್ತದೆ ಗೌಡ್ರೆ, ಈ ಉಕ್ಕು ತಗಳಿ" ಅಂದ ಅಂಗಡಿಯ ಆಚಾರಿ, ಮುರಿದ ಅಚ್ಚಿನ ಅಳತೆಗೆ ಕೂದಲೆಳೆಯೂ ತಪ್ಪದಂತೆ ಹೊಸದು ಕಡೆದ.

"ಕೊಸರೆಲ್ಲಿ ಆಚಾರಿ? ಒಂದು ಬೆರಳು ದಪ್ಪ ಹೆಚ್ಚಿಗೆ ಇರ್ಲಿ. ಬದನೆಕಾಯಿ ಮಾರೋಳೂ ಒಂದು ಕಾಯಿ ಮೇಲೆ ಹಾಕ್ತಾಳೆ."

"ಇದು ತೂತಿಗೆ ಕೂರ್ಬೇಕು ಗೌಡ್ರೆ."

"ಕೂರ್ತದೆ ಬುಡು. ಕೊಸರಿಲ್ದೆ ನಾನು ಓಗಾಕಿಲ್ಲ."

ಸೂರ್ಯ ಇಳಿದರೂ ಮಾವ ಏಳಲಿಲ್ಲ. ಸಾಕಾಗಿ ಆಚಾರಿ, ಮೊದಲಿನದನ್ನು ಅಂಗಡಿಯಲ್ಲೇ ಇಟ್ಟುಕೊಂಡು, ಕೇಳಿದಷ್ಟು ದಪ್ಪಗೆ ಇನ್ನೊಂದು ಕಡೆದುಕೊಟ್ಟ. ಊರಲ್ಲಿ ಅದು ತೂತಿಗೆ ಇಳಿಯಲಿಲ್ಲ. ಮಾವ ಸುತ್ತಿಗೆಯಿಂದ ಬಡಿದರು, ಗಾಣವೇ ಸೀಳಿಹೋಯಿತು.

ಕಬ್ಬು ದನಗಳ ಪಾಲಾಯಿತು. ಆಚಾರಿ ಅಂದಿನಿಂದ ಕೊಸರು ಕೇಳಿದವರಿಗೆ ಲೇತಿನಡಿಯ ಉಕ್ಕಿನ ಚೂರನ್ನೇ ಪೊಟ್ಟಣ ಕಟ್ಟಿ ಕೊಡುತ್ತಿದ್ದನಂತೆ. ದಪ್ಪ ಅಚ್ಚಿನಲ್ಲಿ ನಾನು ಈಗಲೂ ಬೆಳ್ಳುಳ್ಳಿ ಜಜ್ಜುತ್ತೇನೆ. ಮಾವ ಮಾತ್ರ ಕಣ್ಣು ಮುಚ್ಚೋವರೆಗೂ, ಗಾಣದ ತೂತೇ ಸಣ್ಣದಿತ್ತು ಅಂತಿದ್ದರು.