ಹಿಮದ ಗಾಡಿಗೆ ಕಿವಿಗೊಟ್ಟ ಆಂಟಿ

ಹೋದ ಶನಿವಾರ ಪಕ್ಕದ ಮನೆಯವನು ಬೇಲಿಗಿಡ ಕತ್ತರಿಸಲು ಯಾವುದೋ ಹಳೇ ಟೂ-ಸ್ಟ್ರೋಕ್ ಮೆಷೀನು ಹೊರತೆಗೆದ. ಏಳೆಂಟು ಸಲ ಹಗ್ಗ ಎಳೆದ ಮೇಲೆ ಅದು ಕೆಮ್ಮುತ್ತ ಶುರುವಾಯಿತು. ನೀಲಿ ಹೊಗೆ ಬೇಲಿ ದಾಟಿ ನಮ್ಮ ಅಡುಗೆಮನೆಗೇ ಬಂತು. ಕಿಟಕಿ ಹಾಕಿ ಅಂದಳು ಹೆಂಡತಿ. ನಾನು ಹಾಕಲಿಲ್ಲ. ಪೆಟ್ರೋಲಿನ ಜೊತೆ ಸುಟ್ಟ ಎಣ್ಣೆಯ ಆ ಸಿಹಿ ಕಮಟು ವಾಸನೆ... ಕೈಯಲ್ಲಿ ಸೌಟು ಹಿಡಿದುಕೊಂಡು ನಿಂತೇ ಇದ್ದೆ. ಸಾರು ಉಕ್ಕಿ ಒಲೆಯೆಲ್ಲ ಹಾಳಾಯಿತು, ಬೈಸಿಕೊಂಡೆ.

ಆ ವಾಸನೆ ಅಂದರೆ ನನಗೆ ಹಾರ್ನ್‌ಬಿಯ ಆಂಟಿ.

ಎರಡು ಸಾವಿರದ ದಶಕದ ನಡುವಿನ ಮಾತು. ಮೈಸೂರಿನಿಂದ ಈ ಹೊರದೇಶಕ್ಕೆ ಓದಲು ಬಂದು, ಓದು ಮುಗಿಸಿ, ಇಲ್ಲೇ ಉಳಿಯುವ ದಾರಿ ಹುಡುಕುತ್ತಿದ್ದ ಕಾಲ. ಹಾರ್ನ್‌ಬಿ ಎಂಬ ಬಡಾವಣೆಯಲ್ಲಿ ಗೋದಾಮುಗಳ ಹಿಂದಿನ ಬೀದಿಯಲ್ಲಿ ನಾವು ಮೂವರು ಫ್ಲಾಟ್‌ಮೇಟ್‌ಗಳು ಒಂದು ಮನೆ ಹಿಡಿದಿದ್ದೆವು. ಬೇಲಿಯ ಆಚೆ ಹುಬ್ಬಳ್ಳಿ ಕಡೆಯ ಒಂದು ಮುಸ್ಲಿಂ ಕುಟುಂಬ. ಅಂಕಲ್‌ಗೆ ಗೋದಾಮಿನಲ್ಲಿ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಶಾಲೆಗೆ ಹೋಗುವ ಮಗಳು ಒಬ್ಬಳು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಆಂಟಿ ಬೇಕರಿಯೊಂದರಲ್ಲಿ ಬ್ರೆಡ್ಡು ಪ್ಯಾಕ್ ಮಾಡುತ್ತಿದ್ದರು. ನಾವು ಮೂವರು ಉಪ್ಪಿಟ್ಟನ್ನೂ ಸೀಯಿಸುವ ಗಿರಾಕಿಗಳು ಎಂದು ಗೊತ್ತಾದ ಮೇಲೆ ವಾರಕ್ಕೊಮ್ಮೆ ಬೇಲಿಯ ಮೇಲಿಂದ ಒಂದು ಡಬ್ಬಿ ಬರುತ್ತಿತ್ತು. ಖಾಲಿ ಡಬ್ಬಿ ತೊಳೆಯದೆ ಕೊಟ್ಟರೆ ಮಾತ್ರ ಮುಖದ ಮೇಲೆಯೇ ಉಗಿಯುತ್ತಿದ್ದರು. ಅದೂ ಪ್ರೀತಿಯೇ.

ನನಗೆ ಆಗ ಬೆಟ್ಟದ ಮೇಲಿನ ಒಂದು ಸಣ್ಣ ಸ್ಕೀ ಕ್ಲಬ್ಬಿನಲ್ಲಿ ಕೆಲಸ. ಹಗ್ಗ ಕಟ್ಟು, ಸಾಮಾನು ಹೊರು, ಪಾಯಿಖಾನೆ ತೊಳಿ, ಎಲ್ಲವೂ. ಆ ವರ್ಷ ಕ್ಲಬ್ಬು ಒಂದು ಹೊಸ ಸ್ನೋಮೊಬೈಲ್ ತರಿಸಿತು. ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ಉದ್ದನೆಯ ರಬ್ಬರ್ ಪಟ್ಟಿ, ಹಿಡಿಯಲು ಬೈಕಿನ ಹ್ಯಾಂಡಲ್. ಕಡಿದಾದ ಬೆಟ್ಟದ ಹಿಮಕ್ಕೆಂದೇ ಮಾಡಿದ ಗಾಡಿ. ಬೆಟ್ಟದ ಮೇಲಿನ ಕ್ಲಬ್ಬಿನ ಗುಡಿಸಲಿಗೆ ಅಕ್ಕಿಬೇಳೆ ಹೋಗುವುದೂ ಅದರಲ್ಲೇ, ಕಾಲು ಮುರಿದುಕೊಂಡವರು ಕೆಳಗೆ ಬರುವುದೂ ಅದರಲ್ಲೇ. ನನಗಿಂತ ಮುಂಚೆ ಈ ಕೆಲಸದಲ್ಲಿದ್ದವನು ಹಳೇ ಗಾಡಿಯ ಪಿಸ್ಟನ್ ಸುಟ್ಟು ಕೆಲಸ ಕಳೆದುಕೊಂಡು ಮನೆಗೆ ಹೋಗಿದ್ದ. ಕ್ಲಬ್ಬಿನ ಅಧ್ಯಕ್ಷರು, ನೀಳ ಕಾಲಿನ, ಮಿತಭಾಷಿ, ಈ ದೇಶದವರೇ ಆದ ಮುದುಕರು, ನನ್ನನ್ನು ಕರೆದು ಹೇಳಿದ್ದು ಇಷ್ಟೇ: ಇದನ್ನು ಪಳಗಿಸಿ ಸಿದ್ಧ ಮಾಡುವುದು ನಿನ್ನ ಜವಾಬ್ದಾರಿ; ಸೀಸನ್ ಶುರುವಾಗುವುದರೊಳಗೆ ಇದು ಸರಿಯಾಗಿ ಬೆಟ್ಟ ಹತ್ತಿದರೆ ನಿನಗೆ ವರ್ಷಪೂರ್ತಿಯ ಕೆಲಸ. ಆ ಕೆಲಸದ ಪತ್ರ ಇದ್ದರೆ ನನಗೆ ಈ ದೇಶದಲ್ಲಿ ರೆಸಿಡೆನ್ಸಿ, ಕಾಯಂ ಉಳಿಯುವ ಪರವಾನಗಿ. ಇಲ್ಲದಿದ್ದರೆ ಚಳಿಗಾಲ ಮುಗಿಯುವ ಹೊತ್ತಿಗೆ ಗಂಟುಮೂಟೆ ಕಟ್ಟಬೇಕು.

ಗಾಡಿ ಹಾರ್ನ್‌ಬಿಗೇ ಬಂದು ಇಳಿದದ್ದರಿಂದ ಮೊದಲ ವಾರ ನಮ್ಮ ಮನೆಯ ಗ್ಯಾರೇಜಿನಲ್ಲೇ ಇಟ್ಟುಕೊಂಡೆ. ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ ಸ್ಟಾರ್ಟ್ ಮಾಡಬಹುದಿತ್ತು. ಹೊಸ ಎಂಜಿನ್‌ಗೆ ಮೊದಲ ಟ್ಯಾಂಕಿನಲ್ಲಿ ಪೆಟ್ರೋಲಿಗೆ ಸ್ವಲ್ಪ ಎಣ್ಣೆ ಬೆರೆಸಬೇಕೆಂದು ಪುಸ್ತಕದಲ್ಲಿತ್ತು. ನಾನು ಪುಸ್ತಕ ಕೇಳುವವನೇ? ನಮ್ಮಪ್ಪ ಹೊಸ ಸ್ಕೂಟರು ತಂದಾಗ ಬಂಕಿನವನಿಗೆ ಪ್ರತಿಸಲ ಹೇಳುತ್ತಿದ್ದರು, ಹೊಸ ಗಾಡಿ, ಇನ್ನೊಂಚೂರು ಆಯಿಲ್ ಜಾಸ್ತಿ ಹಾಕಪ್ಪ ಅಂತ. ಮಗುವಿಗೆ ತುಪ್ಪ ಹಾಕಿದ ಹಾಗೆ. ನಾನೂ ಧಾರಾಳವಾಗಿ ಎರಡರಷ್ಟು ಸುರಿದೆ. ಮೂರು ಸಂಜೆ ಓಡಿಸಿದೆ. ಬೀದಿ ತುಂಬ ಹೊಗೆ. ಗಾಡಿ ಮುಕ್ಕರಿಯುತ್ತಿತ್ತು, ಎಕ್ಸಿಲೇಟರ್ ಏರಿಸಿದರೆ ತೆಳ್ಳಗೆ ಕಿರುಚುತ್ತಿತ್ತು. ಹೊಸದಲ್ಲವಾ, ಸರಿಹೋಗುತ್ತೆ ಎಂದುಕೊಂಡೆ.

ಮೂರನೆಯ ಸಂಜೆ ಆಂಟಿ ಬಟ್ಟೆ ಒಣಹಾಕುತ್ತಿದ್ದವರು ಕ್ಲಿಪ್ಪು ಬಾಯಲ್ಲಿಟ್ಟುಕೊಂಡೇ ಬೇಲಿ ಬಳಸಿ ಬಂದರು. ಹೊಗೆಗೆ ಜಗಳ ತೆಗೆಯುತ್ತಾರೆ ಎಂದು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಕೇಳಿದರು.

"ಬಂದ್ ಮಾಡೋ ತಮ್ಮಾ," ಅಂದರು. "ಎಷ್ಟ್ ಎಣ್ಣಿ ಹಾಕೀದಿ ಇದಕ್ಕ?"

ಹೆಮ್ಮೆಯಿಂದ ಹೇಳಿದೆ. ಅವರು ಸ್ಪಾರ್ಕ್ ಪ್ಲಗ್ ಬಿಚ್ಚುವ ಪಾನಾ ಕೇಳಿದರು. ನಾನು ತಪ್ಪು ಪಾನಾ ಕೊಟ್ಟೆ. ಡಬ್ಬಿಯಿಂದ ಸರಿಯಾದದ್ದನ್ನು ತಾವೇ ಆರಿಸಿಕೊಂಡು ಪ್ಲಗ್ ಬಿಚ್ಚಿದರು. ಕಪ್ಪಗೆ ಒದ್ದೆಯಾಗಿತ್ತು. ದುಪಟ್ಟಾದ ಅಂಚಿನಿಂದ ಒರೆಸಿ ಬೆಳಕಿಗೆ ಹಿಡಿದರು.

"ಕರಿ ಮ್ಯಾಲಿಂದು, ಎಣ್ಣೀದು. ಒಳಗ ನೋಡು, ಸುಣ್ಣದಂಗ ಬೆಳ್ಳಗೈತಿ. ಎಣ್ಣಿ ಕುಡಿಸಿ ಹಸವಿಲೆ ಇಟ್ಟೀಯಪಾ ಇದನ್ನ. ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವಾ."

ಆಮೇಲೆ ತಿಳಿಯಿತು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹೋಗುವ ತೂತು ಇರುವುದು ಒಂದೇ. ಅದರಲ್ಲಿ ಎಣ್ಣೆ ಹೆಚ್ಚಾದಷ್ಟೂ ಪೆಟ್ರೋಲು ಕಡಿಮೆ. ಜೊತೆಗೆ ಆ ತೂತೇ ಸಣ್ಣದು ಎನ್ನುವುದು ಆಂಟಿಯ ಅನುಮಾನ. ಎಂಜಿನ್ ಮುಚ್ಚಳದ ಒಳಗೆ ಅಂಟಿಸಿದ್ದ ಹಾಳೆ ಏನು ಹೇಳುತ್ತದೆ ಓದು ಅಂದರು. ಓದಿದೆ. ಕಂಪನಿಯವರು ಅದನ್ನು ನಮ್ಮ ಬೆಟ್ಟಕ್ಕಿಂತ ಎಷ್ಟೋ ಎತ್ತರದ, ಗಾಳಿ ತೆಳುವಾದ ಪರ್ವತಗಳಿಗೆ ಹೊಂದಿಸಿ ಕಳಿಸಿದ್ದರು. ನಮ್ಮ ಕೆಳಗಿನ ದಟ್ಟ ಗಾಳಿಗೆ ಪೆಟ್ರೋಲು ಹೆಚ್ಚು ಬೇಕು. ಹಾಗೇ ಬಿಟ್ಟು ಜೋರಾಗಿ ಓಡಿಸಿದ್ದರೆ ಎಂಜಿನ್ ಕಾದು ಪಿಸ್ಟನ್ ಕರಗುತ್ತಿತ್ತು, ನಾನೂ ಹಿಂದಿನವನ ದಾರಿ ಹಿಡಿಯುತ್ತಿದ್ದೆ. ಹಾಳೆ ನೋಡದೆಯೇ ಇದೆಲ್ಲ ಈಕೆಗೆ ಕಿವಿಯಿಂದ ಗೊತ್ತಾಗಿತ್ತು.

ಅವರ ಅಬ್ಬಾಗೆ ಹುಬ್ಬಳ್ಳಿಯಲ್ಲಿ ಮೊಪೆಡ್, ಸ್ಕೂಟರುಗಳ ಗ್ಯಾರೇಜು ಇತ್ತಂತೆ. ಗಂಡುಮಕ್ಕಳಿರಲಿಲ್ಲ. ಅಬ್ಬಾನ ಕಣ್ಣು ಮಂಜಾದ ಮೇಲೆ ಟ್ಯೂನಿಂಗ್ ಎಲ್ಲ ಮಗಳದೇ. ಮದುವೆಯಾದ ಮೇಲೆ ಅತ್ತೆ ಮನೆಯವರು ಸೊಸೆಯ ಕೈ ಮೆಹಂದಿಗೆ, ಗ್ರೀಸಿಗಲ್ಲ ಅಂದರು. ಅಲ್ಲಿಗೆ ಮುಗಿಯಿತು. ಇದನ್ನು ಹೇಳುವಾಗ ಅವರಿಗೆ ಸಿಟ್ಟೇನೂ ಇದ್ದಂತಿರಲಿಲ್ಲ. ಬೆರಳುಗಳು ಮಾತ್ರ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿರಲಿಲ್ಲ.

ಟ್ಯಾಂಕು ಖಾಲಿ ಮಾಡಿಸಿದರು. ಸರಿಯಾದ ಅಳತೆಯ ಎಣ್ಣೆ ಹಾಕಿಸಿದರು. ಗಾಡಿಯ ಜೊತೆ ಬಂದಿದ್ದ ಪುಟ್ಟ ಡಬ್ಬಿಯಿಂದ ದೊಡ್ಡ ತೂತಿನ ಜೆಟ್ ಎಂಬ ಹಿತ್ತಾಳೆ ತುಣುಕು ತೆಗೆದು ಕಾರ್ಬ್ಯುರೇಟರಿಗೆ ಕೂರಿಸಿದರು. ಆದರೆ ಕೊನೆಯ ಹದ ಬೆಟ್ಟದ ಮೇಲೆಯೇ ಆಗಬೇಕು, ಅಲ್ಲಿಯ ಗಾಳಿಯಲ್ಲಿ ಅಂದರು. ನಾನು ಅವರ ಮುಖ ನೋಡಿದೆ. "ಐತವಾರ ನನಗ ಸೂಟಿ ಐತಿ," ಅಂದರು, ಆಕಾಶ ನೋಡುತ್ತ.

ಭಾನುವಾರ ಕ್ಲಬ್ಬಿನ ಪಿಕಪ್ ವಾಹನದ ಹಿಂದೆ ಟ್ರೇಲರಿನಲ್ಲಿ ಗಾಡಿ ಏರಿಸಿಕೊಂಡು ಹೊರಟೆವು. ಆಂಟಿಯ ಅವತಾರ ಈಗಲೂ ಕಣ್ಣಿಗೆ ಕಟ್ಟಿದಂತಿದೆ: ಸಲ್ವಾರಿನ ಮೇಲೆ ಅಂಕಲ್‌ನ ಗೋದಾಮಿನ ಕಿತ್ತಳೆ ಬಣ್ಣದ ಹೊಳೆಯುವ ಜಾಕೆಟ್ಟು, ಕಾಲಿಗೆ ನನ್ನ ಗಂಬೂಟು, ತಲೆಗೆ ಬಿಗಿಯಾಗಿ ಸುತ್ತಿದ ದುಪಟ್ಟಾ. ಕಿವಿ ಮಾತ್ರ ಹೊರಗೆ. ಚಳಿ ಆಗುತ್ತೆ ಮುಚ್ಚಿಕೊಳ್ಳಿ ಅಂದರೆ, ಮತ್ತ ಕೇಳೂದು ಹೆಂಗೋ, ಅಂದರು. ಜೀವನದಲ್ಲಿ ಮೊದಲ ಸಲ ಹಿಮದ ಮೇಲೆ ಕಾಲಿಟ್ಟವರು ಹಿಮದ ಕಡೆ ನೋಡಿದ್ದು ಅರ್ಧ ನಿಮಿಷ. ಆಮೇಲೆ ಎಲ್ಲ ಗಮನ ಗಾಡಿಯ ಮೇಲೆ.

ಬೆಳಗಿನಿಂದ ನನಗೆ ಕವಾಯತು. ಅವರು ಇಳಿಜಾರಿನ ನಡುವೆ ಟ್ರಾಫಿಕ್ ಪೊಲೀಸಿನಂತೆ ನಿಂತರು. ನಾನು ಅವರ ಮುಂದೆ ಹೋಗುವುದು, ತಿರುಗಿ ಬರುವುದು. ಅಂಗೈ ಮೇಲೆ ಮಾಡಿದರೆ ವೇಗ, ಕೆಳಗೆ ಮಾಡಿದರೆ ನಿಧಾನ. ಅರ್ಧ ಎಕ್ಸಿಲೇಟರ್ ದಾಟುವಂತಿಲ್ಲ, ಒಂದೇ ವೇಗದಲ್ಲೂ ಓಡಿಸುವಂತಿಲ್ಲ. ಸ್ವಲ್ಪ ಓಡಿಸಿ ನಿಲ್ಲಿಸಿ ತಣಿಸಬೇಕು. ನನಗೋ ಕೈ ತುರಿಕೆ, ಒಮ್ಮೆ ಪೂರ್ತಿ ಒತ್ತಿ ನೋಡೋಣ ಅಂತ. ಅದಕ್ಕೂ ಒಂದು ಪಾಠ ಆಯಿತು. "ಹೊಸಾ ಸೊಸಿ ಇದ್ದಂಗ ತಮ್ಮಾ ಇದು. ಬಂದ ದಿನಾನ ಐವತ್ತ್ ಮಂದಿ ಅಡಿಗಿ ಮಾಡು ಅಂದ್ರ ಹೆಂಗ? ಒಳಗಿನ ಸಾಮಾನು ಒಂದಕ್ಕೊಂದು ಹೊಂದಿಕೊಳ್ಳಲಿ." ತಣಿಯುವ ಹೊತ್ತಿನಲ್ಲಿ ನಟ್ಟುಗಳನ್ನು ಮತ್ತೆ ಬಿಗಿ ಮಾಡಿದರು, ಸಡಿಲಾಗಿದ್ದ ರಬ್ಬರ್ ಪಟ್ಟಿಯನ್ನು ನನ್ನಿಂದ ಎಳೆಸಿದರು, ಫ್ಲಾಸ್ಕಿನಿಂದ ಚಹಾ ಕೊಟ್ಟರು. ಗ್ಲೌಸು ಹಾಕಿಕೊಂಡು ಜೆಟ್ ಬದಲಿಸಲಾಗದೆ ಬರಿಗೈಯಲ್ಲೇ ಮಾಡಿದರು. ಬೆರಳು ಮರಗಟ್ಟಿದಾಗ ಬಿಸಿ ಎಂಜಿನ್ನಿನ ಮೇಲೆ ಕೈ ಕಾಯಿಸಿಕೊಂಡರು.

ಮಧ್ಯಾಹ್ನದ ಮೇಲೆ ಕೊನೆಗೂ ಪೂರ್ತಿ ಎಕ್ಸಿಲೇಟರಿಗೆ ಅಪ್ಪಣೆ ಸಿಕ್ಕಿತು, ಒಂದೇ ಒಂದು ಏರು. ಏರಿ, ತಟ್ಟನೆ ಆಫ್ ಮಾಡಿ, ಪ್ಲಗ್ ಬಿಚ್ಚಿ ತಂದುಕೊಟ್ಟೆ. ಒಳಗೆ ತಿಳಿ ಕಂದು ಬಣ್ಣ. ನೋಡಿದರು, ನನಗೂ ತೋರಿಸಿದರು. "ನಮ್ಮ ಹುಬ್ಬಳ್ಳಿ ಚಾದ ಬಣ್ಣ," ಅಂದರು. ಅವರ ಮುಖದಲ್ಲಿ ಆವತ್ತು ಕಂಡ ಸಂತೋಷವನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅಷ್ಟರಲ್ಲಿ ಗುಡಿಸಲಿನಿಂದ ಅಧ್ಯಕ್ಷರು ಇನ್ನಿಬ್ಬರ ಜೊತೆ ಇಳಿದು ಬಂದರು. ಸಾಮಾನಿನ ಬಂಡಿ ಕಟ್ಟಿ ಬೆಟ್ಟ ಹತ್ತಿಸು ಅಂದರು. ಗಾಡಿ ಒಂದೇ ಉಸಿರಿಗೆ ಹತ್ತಿತು, ಎಲ್ಲೂ ಮುಕ್ಕರಿಯಲಿಲ್ಲ. ಕೆಳಗೆ ಬಂದಾಗ ಅವರು ನನ್ನ ಕೈ ಕುಲುಕಿ, ಇದನ್ನು ಹದಕ್ಕೆ ತಂದವರು ಯಾರು ಎಂದು ಕೇಳಿದರು.

ನಾನೇ ಅಂದೆ.

ಅವರ ಕಣ್ಣು ಆಂಟಿಯ ಕಡೆ ಹೋಯಿತು. ಇವರು? ಕೇಳಿದರು. ನಮ್ಮ ಆಂಟಿ, ಹಿಮ ನೋಡಲು ಬಂದಿದ್ದಾರೆ ಎಂದೆ. ಅಷ್ಟು ಇಂಗ್ಲಿಷು ಆಂಟಿಗೆ ಬರುತ್ತಿತ್ತು. ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಗ್ರೀಸು ಹತ್ತಿದ ಕೈಗಳೆರಡನ್ನೂ ಜಾಕೆಟ್ಟಿನ ಜೇಬಿಗೆ ಇಳಿಸಿ, ನಗುತ್ತ, "ವೆರಿ ನೈಸ್ ಸ್ನೋ," ಅಂದರು. ಅಷ್ಟೇ ಅಲ್ಲ, ನನ್ನ ಕ್ಯಾಮೆರಾ ಕಡೆ ತೋರಿಸಿ ಒಂದು ಫೋಟೋ ಬೇರೆ ತೆಗೆಸಿಕೊಂಡರು, ನನ್ನ ಸುಳ್ಳು ಗಟ್ಟಿಯಾಗಲಿ ಅಂತ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಕೆಸರಾದದ್ದು ಅವರ ಕೈ, ಮೊಸರು ಬಿದ್ದದ್ದು ನನ್ನ ಬಾಯಿಗೆ. ವಾಪಸು ಬರುವಾಗ ದಾರಿಯುದ್ದಕ್ಕೂ ಅವರು ಮಾತಾಡಿದ್ದು ಮುಂದಿನ ವಾರ ಪಟ್ಟಿ ಮತ್ತೆ ಬಿಗಿ ಮಾಡಬೇಕು ಅನ್ನುವುದನ್ನೇ.

ಕೆಲಸ ಸಿಕ್ಕಿತು. ರೆಸಿಡೆನ್ಸಿಗೆ ಅರ್ಜಿ ಹಾಕಿದೆ.

ಎರಡು ತಿಂಗಳು ಕಳೆದಿರಬೇಕು. ಒಂದು ಸಂಜೆ ಆಂಟಿ ಬೇಲಿಯ ಮೇಲಿಂದಲ್ಲ, ಮುಂಬಾಗಿಲಿಗೇ ಬಂದರು. ಕೈಯಲ್ಲಿ ಬಿರಿಯಾನಿ ಡಬ್ಬಿ. ನಮ್ಮ ರಸ್ತೆಯ ಕೊನೆಗೆ ಹುಲ್ಲು ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸ ರಿಪೇರಿ ಮಾಡುವ ಅಂಗಡಿಯಲ್ಲಿ ಒಬ್ಬರು ಬೇಕಾಗಿದ್ದರಂತೆ. ಆಂಟಿ ಒಬ್ಬರೇ ಹೋಗಿ ಕೇಳಿ ಬಂದಿದ್ದರು. ಈ ದೇಶದಲ್ಲಿ ನಿನ್ನ ಕೆಲಸ ನೋಡಿದವರು ಯಾರಾದರೂ ಬರೆದುಕೊಟ್ಟರೆ ನೋಡೋಣ ಅಂದಿದ್ದನಂತೆ ಮಾಲೀಕ.

"ತಮ್ಮಾ, ಒಂದ್ ಚೀಟಿ ಬರದ ಕೊಡ್ತೀಯೇನು? ಆ ಗಾಡಿ ನಾ ಟ್ಯೂನ್ ಮಾಡಿದ್ನಿ ಅಂತ. ಇದ್ದದ್ದ ಬರಿ, ಹೆಚ್ಚಿಗಿ ಬ್ಯಾಡ."

ಬರೀತೀನಿ ಆಂಟಿ, ಅಂದೆ. ಬರೆಯಲಿಲ್ಲ. ಆ ಅಂಗಡಿಯವನು ನಮ್ಮ ಕ್ಲಬ್ಬಿನ ಸದಸ್ಯ. ಚೀಟಿ ಕೈಗೆ ಬಂದ ವಾರದಲ್ಲೇ ಮಾತು ಅಧ್ಯಕ್ಷರಿಗೆ ಮುಟ್ಟುತ್ತದೆ, ನಾನು ಸುಳ್ಳುಗಾರನಾಗುತ್ತೇನೆ, ಕೆಲಸ ಹೋಗುತ್ತದೆ, ಅರ್ಜಿ ಮುಳುಗುತ್ತದೆ. ಹೀಗೆಲ್ಲ ಲೆಕ್ಕ ಹಾಕಿದೆ. ಎರಡು ಸಲ ಕಂಪ್ಯೂಟರ್ ಮುಂದೆ ಕೂತೆ, ಎದ್ದೆ. ಬಟ್ಟೆ ಒಣಹಾಕುವ ಹೊತ್ತಿಗೆ ಹಿತ್ತಲಿಗೆ ಹೋಗುವುದನ್ನೇ ಬಿಟ್ಟೆ. ಹೇಡಿತನ ಅಂತಲೇ ಬರೆಯುತ್ತೇನೆ, ಬೇರೆ ಮಾತು ಹುಡುಕುವುದಿಲ್ಲ. ಆಂಟಿ ಎರಡನೇ ಸಲ ಕೇಳಲಿಲ್ಲ. ಅಂಗಡಿಗೆ ಬೇರೆ ಯಾರೋ ಬಂದರು. ಡಬ್ಬಿ ಮಾತ್ರ ವಾರಕ್ಕೊಮ್ಮೆ ಬೇಲಿಯ ಮೇಲಿಂದ ಬರುತ್ತಲೇ ಇತ್ತು... ಬೈದಿದ್ದರೆ ಚೆನ್ನಾಗಿತ್ತು.

ಮರುವರ್ಷ ಅಂಕಲ್‌ಗೆ ದೂರದ ಹ್ಯಾಮಿಲ್ಟನ್‌ನಲ್ಲಿ ಹಾಲಿನ ಕಾರ್ಖಾನೆಯ ಕೆಲಸ ಸಿಕ್ಕಿ ಅವರು ಹೊರಟುಹೋದರು. ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದೆ. ಫೋನೆತ್ತಿದರೆ ಮೊದಲ ಪ್ರಶ್ನೆ, ಗಾಡಿ ಹೆಂಗೈತಿ ಅಂತ. ನಾನು ಹೇಗಿದ್ದೇನೆ ಅನ್ನುವುದು ಆಮೇಲೆ. ಗಾಡಿ ಹದಿಮೂರು ಚಳಿಗಾಲ ಓಡಿತು ಆಂಟಿ ಅಂದಾಗ, ಪ್ಲಗ್ಗಿನ ಬಣ್ಣ ಹೆಂಗಿತ್ತು ಅಂತ ಕೇಳಿದರು. ಹ್ಯಾಮಿಲ್ಟನ್‌ನಲ್ಲಿ ಕೊನೆಯವರೆಗೂ ಅವರು ಯಾವುದೋ ಅಂಗಡಿಯಲ್ಲಿ ಸಾಮಾನು ಜೋಡಿಸುತ್ತಿದ್ದರು.

ಹೋದ ಚಳಿಗಾಲ ಅವರ ಮಗಳು ಫೋನು ಮಾಡಿದಳು. ಯಾವತ್ತೂ ಇಂಗ್ಲಿಷಿನಲ್ಲೇ ಮಾತಾಡುವ ಹುಡುಗಿ, "ಅಮ್ಮಿ ಹೋದ್ಲು," ಎಂದಷ್ಟೇ ಕನ್ನಡದಲ್ಲಿ ಹೇಳಿ ಫೋನನ್ನು ಅಪ್ಪನಿಗೆ ಕೊಟ್ಟಳು.

ಪಕ್ಕದ ಮನೆಯ ಹೊಗೆ ಬಂದ ಮರುದಿನ ನಾನು ಅಧ್ಯಕ್ಷರನ್ನು ಹುಡುಕಿಕೊಂಡು ಹೋದೆ. ಎಂಬತ್ತು ದಾಟಿದ್ದಾರೆ, ಕೋಲು ಹಿಡಿದು ಓಡಾಡುತ್ತಾರೆ. ವರಾಂಡದಲ್ಲಿ ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ: ಆ ಗಾಡಿಯನ್ನು ಹದ ಮಾಡಿದ್ದು ನಾನಲ್ಲ, ಹಿಮ ನೋಡಲು ಬಂದ ಆಂಟಿ. ಅವರು ಕೋಲನ್ನು ಗೋಡೆಗೆ ಒರಗಿಸಿದರು.

"ಗೊತ್ತು," ಅಂದರು. "ಆವತ್ತು ನಾವು ಬೆಳಗಿನಿಂದ ಗುಡಿಸಲಿನ ಕಿಟಕಿಯಲ್ಲಿ ನೋಡ್ತಾನೇ ಇದ್ವಿ. ನಿನಗೆ ಕೆಲಸ ಕೊಡೋದು ಅಷ್ಟರಲ್ಲೇ ತೀರ್ಮಾನ ಆಗಿತ್ತು. ಇಂಥವರನ್ನ ಹುಡುಕಿ ಕರ್ಕೊಂಡು ಬಂದನಲ್ಲ ಅಂತ ಖುಷಿಯಾಗಿತ್ತು ನಮಗೆ. ಆಕೆಯ ಹೆಸರು ನೀನೇ ಹೇಳ್ತೀಯ ಅಂತ ಕಾಯ್ತಾ ಇದ್ದೆ."

ನಾನು ಎದ್ದು ಬಂದೆ. ಕಾರಿನಲ್ಲಿ ಕೂತೆ. ಆ ಚೀಟಿ ಬರೆದಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ ಆಂಟಿ. ಏನೂ ಆಗುತ್ತಿರಲಿಲ್ಲ.