ಸೊಟ್ಟ ಹಿಡಿಯ ಕೋವಿ

ತಮ್ಮ ವಿಲ್ಫ್ ತೀರಿಕೊಂಡ ಮೇಲೆ ಹೊರೇಸನಿಗೆ ಒಂದೇ ಹೆದರಿಕೆ: ಆ ಕೋವಿ ಯಾರ ಕೈಗೋ ಸಿಕ್ಕಿ, ಅವರು ಅದನ್ನು ನೆಟ್ಟಗೆ ಮಾಡಿಸಿಬಿಟ್ಟರೆ?

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ವಿಲ್ಫನ ಮಗಳು ಎಡ್ನಾ ಅದನ್ನೇ ಕಂಬಳಿಯಲ್ಲಿ ಸುತ್ತಿಕೊಂಡು, ತನ್ನ ಮಗಳು ಬೆರಿಲಳನ್ನು ಮುಂದೆ ದಬ್ಬಿಕೊಂಡು, ಬರ್ಮಿಂಗ್‌ಹ್ಯಾಮಿನ ಕೋವಿ ಕೇರಿಯಲ್ಲಿ ಹೊರೇಸ್ ಕೋವಿಯ ಹಿಡಿ ಕೆತ್ತುತ್ತಿದ್ದ ಕೋಣೆಯ ಕಿರಿದಾದ ಮೆಟ್ಟಿಲು ಹತ್ತಿ ಬಂದಳು. ರೇಷನ್ ಕಾರ್ಡುಗಳು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಎಡ್ನಾ ಅರ್ಧ ಸೇರು ಬೆಣ್ಣೆಯನ್ನು ಉಡುಗೊರೆಯಾಗಿ ತಂದಿದ್ದಳು.

ಪಕ್ಕದ ಮೇಜಿನಲ್ಲಿ ನಳಿಗೆ ಉಜ್ಜುತ್ತಿದ್ದ ಜೊತೆ ಕೆಲಸಗಾರ ಪರ್ಸಿ ಕಂಬಳಿ ಬಿಚ್ಚಿದ್ದನ್ನು ನೋಡಿ ನಕ್ಕ. "ಬಂತು ನೋಡಪ್ಪ ನಿನ್ನ ಬಾಳೆಹಣ್ಣು. ಇದ್ರಲ್ಲಿ ಗೋಡೆ ಆಚೆ ಕೂತಿರೋ ಮೊಲಾನೂ ಹೊಡೀಬಹುದು."

ಹೊರೇಸ್ ನಗಲಿಲ್ಲ. ಅಪ್ಪನ ಕಾಲದ ಜೋಡುನಳಿಗೆ ಕೋವಿಗೆ ತಾನೇ ಕೆತ್ತಿ ಕೂರಿಸಿದ್ದ ಅಕ್ರೋಟ್ ಮರದ ಹಿಡಿ ಅದು. ಕೈ ಹಿಡಿಯುವ ಜಾಗ ದಾಟುತ್ತಲೇ ಮರ ಹಾವಿನಂತೆ ಬಲಕ್ಕೆ ಬಳುಕಿ ಹೊರಳುತ್ತಿತ್ತು. ಬಲ ಹೆಗಲಿಗೆ ಒರಗಿಸಿದರೆ ನಳಿಗೆ ಬಂದು ನಿಲ್ಲುವುದು ಎಡಗಣ್ಣಿನ ಮುಂದೆ. ಕೆನ್ನೆ ತಾಗುವಲ್ಲಿ ಮೆತ್ತನೆಯ ಜಿಂಕೆ ಚರ್ಮ. ಬಲಗಣ್ಣು ಇಲ್ಲದ, ಆದರೆ ಬಲಗೈಯನ್ನೇ ನಂಬಿದ್ದ ಒಬ್ಬನೇ ಒಬ್ಬ ಮನುಷ್ಯನಿಗಾಗಿ ಮಾಡಿದ್ದು. ವಿಲ್ಫ್ ಸೆವರ್ನ್ ನದಿಯ ಪಕ್ಕದ ತುಂಡು ಜಮೀನಿನಲ್ಲಿ ಎಲೆಕೋಸು ತಿನ್ನಲು ಬರುವ ಪಾರಿವಾಳಗಳನ್ನು ಮೂವತ್ತು ವರ್ಷ ಇದರಿಂದಲೇ ಹೊಡೆದಿದ್ದ.

"ಇದನ್ನ ನೆಟ್ಟಗೆ ಮಾಡ್ಕೊಡಿ ದೊಡ್ಡಪ್ಪ," ಎಂದಳು ಎಡ್ನಾ.

"ಬಿಸಿ ಎಣ್ಣೆ ಹೊಯ್ದು ಬಗ್ಸೋ ಸೊಟ್ಟ ಅಲ್ಲಮ್ಮ ಇದು. ಹಿಡೀನೇ ಬಿಚ್ಚಿ ಬಿಸಾಕ್ಬೇಕಾಗುತ್ತೆ."

"ಬಿಸಾಕಿ. ಬೇರೆ ಹಾಕಿ."

"ನಿಮ್ಮಪ್ಪನ ನೆನಪು ಕಣೇ ಇದು. ಗೋಡೆ ಮೇಲೆ ತೂಗ್ಹಾಕು."

ಎಡ್ನಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಸುಲಭಕ್ಕೆ ಏಳುವವಳಲ್ಲ ಎಂಬುದು ಗೊತ್ತಾಯಿತು. "ತಾತನ ಹಿಂದೆ ಹಿಂದೆ ಹೊಲಕ್ಕೆ ಹೋಗಿ ಇದೇ ಕೋವೀಲಿ ಕಲ್ತಿದ್ದಾಳೆ ಇವಳು. ಈಗ ಬೋರ್ಡು ನೋಡೋವಾಗ್ಲೂ ಬಲಗಣ್ಣು ಮುಚ್ತಾಳಂತೆ, ಟೀಚರ್ ಹೇಳ್ಕಳ್ಸಿದಾರೆ. ಡಾಕ್ಟರು ಕಣ್ಣು ಎರಡೂ ಚೆನ್ನಾಗಿವೆ, ಅಭ್ಯಾಸ ಬಿಡ್ಸಿ ಅಂದ್ರು. ಕೋವಿ ಬಿಡು ಅಂದ್ರೆ ಊಟ ಬಿಡ್ತಾಳೆ. ರಾತ್ರಿಯೆಲ್ಲ ನಂಗೆ ನಿದ್ದೆ ಇಲ್ಲ ದೊಡ್ಡಪ್ಪ."

ತಪ್ಪಿಸಿಕೊಳ್ಳಲು ಹೊರೇಸನಿಗೆ ಬೇರೆ ದಾರಿ ಹೊಳೆಯಲಿಲ್ಲ. ಅಳತೆ ನೋಡುತ್ತೇನೆ ಎಂದ. ಕೋವಿಯನ್ನು ಕೀಲಿನಲ್ಲಿ ಮಡಿಸಿ ತೆರೆದು ಎರಡೂ ನಳಿಗೆಗಳನ್ನು ಬೆಳಕಿಗೆ ಹಿಡಿದು ಖಾಲಿ ಎಂದು ನೋಡಿದ, ಎಡ್ನಾಳಿಗೂ ತೋರಿಸಿದ. ಆಮೇಲೆ ಕೇರಿಯ ವಾಡಿಕೆಯಂತೆ ಹುಡುಗಿಯ ಎದುರಿಗೆ, ನಳಿಗೆಯ ಬಾಯಿಗೆ ಮುಖ ಕೊಟ್ಟು ನಿಂತ. ಕೊಳ್ಳುವವರ ಕಣ್ಣು ಎಲ್ಲಿ ಕೂರುತ್ತದೆ ಎಂದು ತಿಳಿಯುವುದು ಹಾಗೆಯೇ.

"ನನ್ನ ಕಣ್ಣಿಗೇ ಗುರಿ ಇಡು."

ಬೆರಿಲ್ ಕೋವಿ ಏರಿಸಿದಳು. ನಳಿಗೆಗಳ ಆ ತುದಿಯಲ್ಲಿ ಒಂದು ಎಡಗಣ್ಣು, ಅದರ ಪಕ್ಕದಲ್ಲಿ ಹೊಲಿದಂತೆ ಬಿಗಿದುಕೊಂಡ ರೆಪ್ಪೆ. ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ ದಿನ ಆರು ವರ್ಷದ ವಿಲ್ಫ್ ಹೀಗೆಯೇ ಹೊರೇಸನನ್ನು ನೋಡಿದ್ದ.

"ಇನ್ನೊಂದು ಕಣ್ಣೂ ತೆಗಿ."

"ತೆಗೆದ್ರೆ ಕೋವಿ ಎರಡಾಗಿ ಕಾಣ್ಸುತ್ತೆ. ತಾತ ಹೀಗೇ ಹೊಡೀತಿದ್ರು."

"ನಿಮ್ಮ ತಾತಂಗೆ ಇನ್ನೊಂದು ಇರ್ಲಿಲ್ವಲ್ಲಮ್ಮ."

"ಗೊತ್ತು. ಚಿಕ್ಕವರಿದ್ದಾಗ ಕೇಪು ಎತ್ಕೊಂಡು ಸುತ್ತಿಗೇಲಿ ಜಜ್ಜಿದ್ರಂತೆ. ನನ್ನ ಹಾಗೆ ದಡ್ಡಿಯಾಗ್ಬೇಡ ಅಂತಿದ್ರು."

ಪರ್ಸಿಯ ಅರ ಸದ್ದು ಮಾಡುತ್ತಲೇ ಇತ್ತು. ಹೊರೇಸ್ ನಳಿಗೆಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ ಸ್ಟೂಲಿನ ಮೇಲೆ ಕುಳಿತ.

ಕೇರಿಯ ಮಕ್ಕಳೆಲ್ಲ ಅಂಗಳದಲ್ಲಿ ಬಿದ್ದ, ಕೋವಿಮದ್ದಿಗೆ ಕಿಡಿ ಹಚ್ಚುವ ತಾಮ್ರದ ಕೇಪುಗಳನ್ನು ಹೆಕ್ಕಿ ಕಲ್ಲಿನ ಮೇಲಿಟ್ಟು ಜಜ್ಜುತ್ತಿದ್ದವರೇ. ಪಟ್ ಎಂಬ ಸದ್ದಿಗಾಗಿ. ಅವತ್ತು ತಮ್ಮ ಬಗ್ಗಿ ನೋಡುತ್ತಿದ್ದ. ಸುತ್ತಿಗೆ ಇದ್ದದ್ದು ಅಣ್ಣನ ಕೈಯಲ್ಲಿ. ತಾಮ್ರದ ಚೂರು ಸಿಡಿದು ತಮ್ಮನ ಬಲಗಣ್ಣಿಗೆ ಹೊಕ್ಕಿತು. ಅಮ್ಮ ಓಡಿ ಬಂದಾಗ ಅಣ್ಣನ ಬಾಯಿಂದ ಬಂದದ್ದು, "ಅವನೇ ಹೊಡ್ಕೊಂಡ." ವಿಲ್ಫ್ ಅಳುತ್ತಿದ್ದನೇ ಹೊರತು ಅಲ್ಲ ಎನ್ನಲಿಲ್ಲ. ಆಮೇಲೆ ಬದುಕಿಡೀ ಎನ್ನಲಿಲ್ಲ. ಮೊಮ್ಮಗಳಿಗೂ ಅದನ್ನೇ ಹೇಳಿ ಹೋಗಿದ್ದಾನೆ.

"ಸುತ್ತಿಗೆ ನನ್ನ ಕೈಲಿತ್ತು," ಎಂದ ಹೊರೇಸ್.

ಎಡ್ನಾ ತೊಡೆಯ ಮೇಲಿನ ಟೋಪಿಯಿಂದ ತಲೆ ಎತ್ತಿದಳು. "ಅಪ್ಪ ಅಲ್ವಾ?"

"ಅಲ್ಲ. ಅವನ ಮೇಲೆ ಹಾಕ್ದೆ."

"ಅಜ್ಜಿ ಸಾಯೋವರ್ಗೂ ಅಪ್ಪನ್ನ ಬೈತಿದ್ರು. ನೀವು ಪಕ್ಕದಲ್ಲೇ ಕೂತು ಟೀ ಕುಡೀತಿದ್ರಿ. ನಾನೇ ಲೋಟ ಕೊಟ್ಟಿದೀನಿ."

"ಹೂಂ."

"ಏನೂ ಅನ್ನಿಸ್ಲಿಲ್ವಾ?"

"ಈ ಕೋವಿ ಮಾಡ್ದೆ."

"ಕೋವಿ ಮಾಡ್ಕೊಟ್ರೆ ಆಗ್ಹೋಯ್ತಾ ದೊಡ್ಡಪ್ಪ?"

ಹೊರೇಸ್ ಆ ಹಿಡಿಯಲ್ಲಿ ಇಷ್ಟು ವರ್ಷ ಕಾಯ್ದುಕೊಂಡದ್ದು ತಮ್ಮನ ನೆನಪನ್ನಲ್ಲ, ತಾನು ಬಾಯಿಬಿಟ್ಟು ಕೇಳದ ಕ್ಷಮೆಯನ್ನು. ಅದರ ಸೊಟ್ಟ ಈಗ ಎರಡು ಕಣ್ಣೂ ಇರುವ ಮಗುವಿನ ಮುಖಕ್ಕೆ ಹತ್ತುತ್ತಿದೆ. ಅವನು ತಿರುಪುಳಿಯನ್ನು ಎತ್ತಿಕೊಂಡ. ಹಿಡಿ ಕಳಚಿ ಬಂದಾಗ ಎಡ್ನಾಳತ್ತ ಚಾಚಿದ.

"ನೀವೇ ಇಟ್ಕೊಳ್ಳಿ," ಎಂದಳು ಅವಳು ಎದ್ದು. "ನಮ್ಮನೇಗೆ ಬೇಡ." ಬೆಣ್ಣೆಯ ಪೊಟ್ಟಣವನ್ನು ಮಾತ್ರ ಬಿಟ್ಟು ಹೋದಳು. ಮರೆತೋ, ಬೇಕೆಂದೋ.

ಹೊಸ ಹಿಡಿಗೆ ಹೊರೇಸ್ ನೇರ ಎಳೆಗಳಿರುವ ಒಳ್ಳೆಯ ಮರ ಆರಿಸಿದ. ಬೆಳೆಯುವ ಹುಡುಗಿಯ ತೋಳಿಗೆ ಮುಂದೆ ಉದ್ದ ಕೂಡಿಸಲು ಹಿಂಬದಿಯಲ್ಲಿ ಕಳಚುವ ತುಂಡೊಂದನ್ನು ಸೇರಿಸಿದ. ಹಳೆಯದು ಮೇಜಿನ ಮೇಲ್ಗಡೆ ಗೋಡೆಯ ಮೊಳೆಯಲ್ಲಿ, ತಲೆ ಎತ್ತಿದರೆ ಕಾಣುವಂತೆ ತೂಗುತ್ತಿತ್ತು. ಅದರ ಬಗ್ಗೆ ಪರ್ಸಿ ಆಮೇಲೆ ತಮಾಷೆ ಮಾಡಲಿಲ್ಲ.

ಈಸ್ಟರ್ ಕಳೆದು ತಾಯಿ ಮಗಳು ಮತ್ತೆ ಬಂದರು. ಎಡ್ನಾ ಬಾಗಿಲಲ್ಲೇ ನಿಂತಳು, ಟೋಪಿ ತೆಗೆಯಲಿಲ್ಲ. ಹೊರೇಸ್ ಖಾಲಿ ನಳಿಗೆ ತೋರಿಸಿ, ಎದುರಿಗೆ ಹೋಗಿ ನಿಂತ.

"ಎರಡೂ ಕಣ್ಣು ಬಿಟ್ಟು, ನನ್ನನ್ನೇ ನೋಡು."

ಹುಡುಗಿಯ ಬಲರೆಪ್ಪೆ ನಡುಗಿತು, ಮುಚ್ಚಿತು, ಮತ್ತೆ ತೆರೆಯಿತು. ಈ ಸಲ ಮುಚ್ಚಲಿಲ್ಲ. ನಳಿಗೆಯ ಮೇಲಿಂದ ಎರಡು ಕಂದು ಕಣ್ಣುಗಳು ನೇರವಾಗಿ ಅವನನ್ನು ನೋಡಿದವು. ವಿಲ್ಫನ ಬಣ್ಣವೇ.

"ದೊಡ್ಡ ತಾತ," ಎಂದಳು ಬೆರಿಲ್, ಕೋವಿ ಇಳಿಸದೆ. "ನೀವು ಕಣ್ಣು ಮುಚ್ಕೊಂಡ್ರೆ ನಾನು ಎಲ್ಲಿ ನೋಡ್ಲಿ?"